ಪ್ರತಿಭಟನೆ: ಬಳಸುವ ಕ್ರಮ (ಬೆಂಗಳೂರು ಮಾದರಿ)

ಬಿಚ್ಚುವ ಮುನ್ನ

ಮಾನ್ಯ ಗ್ರಾಹಕರೇ, ಈ ಸಾಧನ 1950ರ ಜನವರಿ 26ರಂದೇ ನಿಮ್ಮ ಮನೆಗೆ ಬಂದಿದೆ. ಸಂವಿಧಾನದ 19ನೇ ವಿಧಿಯಲ್ಲಿ, ಮಾತಿನ ಹಕ್ಕಿನ ಕೆಳಗಿನ ಸಾಲಿನಲ್ಲೇ ಇದೆ: ಆಯುಧವಿಲ್ಲದೆ, ಶಾಂತಿಯಿಂದ ಒಂದೆಡೆ ಸೇರುವ ಹಕ್ಕು. ಎಷ್ಟೋ ಮನೆಗಳಲ್ಲಿ ಇದರ ಪ್ಯಾಕಿಂಗನ್ನೇ ಬಿಚ್ಚಿಲ್ಲ. ಮುಚ್ಚಳ ತೆಗೆಯದಿದ್ದರೆ ಬಹಳ ದಿನ ಬಾಳಿಕೆ ಬರುತ್ತದೆ ಎಂಬ ನಂಬಿಕೆ ಉಪ್ಪಿನಕಾಯಿ ಭರಣಿಯಿಂದ ಇಲ್ಲಿಗೂ ಬಂದಂತಿದೆ. ಈ ಸರಕಿನ ಸ್ವಭಾವ ಉಲ್ಟಾ. ಬಳಸದೆ ಇಟ್ಟರೆ, ಬೇಕಾದ ದಿನ ತೆಗೆದು ನೋಡುವಾಗ ಭರಣಿ ಇರುತ್ತದೆ, ಒಳಗಿನದು ಇರುವುದಿಲ್ಲ.

ಕಲಾಸಿಪಾಳ್ಯದಲ್ಲಿ ಬಸ್ಸಿಳಿಯುವವರಿಗೆಂದೇ ಈ ಕೈಪಿಡಿ. ಅಹವಾಲು ಹೊತ್ತು ಬೆಂಗಳೂರಿಗೆ ಬರುವ ಮಂದಿ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಇಳಿಯುವವರಲ್ಲ. ಆನೇಕಲ್ ಕಡೆಯ ಬಸ್ಸಿನಲ್ಲೋ ಯಾವುದಾದರೂ ಖಾಸಗಿ ಬಸ್ಸಿನ ಹಿಂದಿನ ಸೀಟಿನಲ್ಲೋ ಕೂತು, ಕಾಲಡಿ ಚೀಲ, ಕೈಯಲ್ಲಿ ಸುತ್ತಿಟ್ಟ ಬ್ಯಾನರು ಹಿಡಿದು ಬರುತ್ತಾರೆ. ಇಳಿದ ಕೂಡಲೇ ಗಾಬರಿಪಡಬೇಡಿ. ನೀವು ಬಾವುಟದ ಕೋಲು ಹೊತ್ತಿದ್ದೀರೆಂದು ಇಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಒಬ್ಬನ ಬೆನ್ನ ಮೇಲೆ ಲಾರಿ ಆಫೀಸಿನ ಮೂಟೆ, ಇನ್ನೊಬ್ಬನ ತಲೆಯ ಮೇಲೆ ಮಾರ್ಕೆಟ್ಟಿನ ಸೇವಂತಿಗೆ ಕುಕ್ಕೆ, ಮತ್ತೊಬ್ಬ ಲಾರಿಯ ಲೀಫ್ ಸ್ಪ್ರಿಂಗ್ ಹೆಗಲಿಗೇರಿಸಿ ‘ದಾರಿ, ದಾರಿ’ ಎನ್ನುತ್ತ ನುಗ್ಗುತ್ತಾನೆ. ಭಾರ ಹೊತ್ತವರಿಗೆ ಇಷ್ಟು ಸಲೀಸಾಗಿ ದಾರಿ ಬಿಡುವ ಇನ್ನೊಂದು ಪೇಟೆ ಈ ಊರಿನಲ್ಲಿಲ್ಲ.

ಜೊತೆಗೆ ಬೇಕಾಗುವ ಸಾಮಾನು

ಬ್ಯಾನರ್ ಬಟ್ಟೆಯದೇ ಇರಲಿ. ಫ್ಲೆಕ್ಸನ್ನು ಹೈಕೋರ್ಟಿನ ಬಿಸಿ ತಾಗಿ ಪಾಲಿಕೆ 2018ರಲ್ಲಿ ನಿಷೇಧಿಸಿತು. ನಾಯಕರ ಹುಟ್ಟುಹಬ್ಬದ ಫ್ಲೆಕ್ಸುಗಳು ಆಗಾಗ ಹೇಗೋ ಮೇಲೇಳುತ್ತವೆ ಎಂದು ನೀವು ವಾದ ಹೂಡಬೇಡಿ. ಅವು ಬೇರೆ ಮಾದರಿ, ಅವುಗಳ ಕೈಪಿಡಿಯೂ ಬೇರೆ. ಚಾರ್ಟು ಪೇಪರು, ಮಾರ್ಕರ್ ಪೆನ್ನಿಗೆ ಅವೆನ್ಯೂ ರಸ್ತೆ ಹತ್ತಿರ. ಅಲ್ಲೇ ಹಳೆ ಪುಸ್ತಕದ ಅಂಗಡಿಯಲ್ಲಿ ಸಂವಿಧಾನದ ಪ್ರತಿಯೊಂದು ಸಿಕ್ಕರೆ ಕೊಳ್ಳಿ. ಯಾರೋ ಲಾ ಕಾಲೇಜಿನ ಹುಡುಗ ಪರೀಕ್ಷೆಗೆಂದು ಅಡಿಗೆರೆ ಎಳೆದ ಪ್ರತಿ ಸಿಕ್ಕಿದರೆ ಒಳ್ಳೆಯದು, ಬೇಕಾದ ಪುಟ ಹುಡುಕುವ ಕೆಲಸ ಉಳಿಯುತ್ತದೆ.

ಮನವಿಪತ್ರ ಮೂರು ಪ್ರತಿ ಮಾಡಿಸಿ. ಒಂದು ಅವರಿಗೆ, ಒಂದು ಪತ್ರಿಕೆಯವರಿಗೆ, ಒಂದು ಸೀಲು ಹಾಕಿಸಿಕೊಂಡು ವಾಪಸು ತರುವುದಕ್ಕೆ. ಈ ಮೂರನೆಯದೇ ಮುಖ್ಯ. ‘ಇಟ್ಟು ಹೋಗಿ, ನೋಡ್ತೀವಿ’ ಅಂದರೆ ಇಡಬೇಡಿ. ‘ಸ್ವೀಕರಿಸಲಾಗಿದೆ’ ಎಂಬ ಗುಂಡನೆಯ ಸೀಲು, ತಾರೀಖು, ಗುಮಾಸ್ತರ ಒಂದು ಗೀಚು, ಇಷ್ಟು ಬೀಳುವ ತನಕ ಮೇಜಿನ ಮುಂದೆ ನಗುನಗುತ್ತಾ ನಿಲ್ಲಿ. ಜೊತೆಗೆ, ಪರಿಚಯದ ವಕೀಲರ ನಂಬರನ್ನು ಮುಂಗೈ ಮೇಲೆ ಬಾಲ್ ಪೆನ್ನಿನಲ್ಲಿ ಬರೆದುಕೊಳ್ಳಿ. ಫೋನು ಕೈತಪ್ಪಬಹುದು, ಕೈ ತಪ್ಪುವುದಿಲ್ಲ.

ಎಲ್ಲಿ ಬಳಸಬೇಕು

ಇಲ್ಲಿ ಗ್ರಾಹಕರಿಗೆ ಸ್ವಲ್ಪ ಗೊಂದಲವಾಗುತ್ತದೆ. ಕಲಾಸಿಪಾಳ್ಯದಿಂದ ಟೌನ್ ಹಾಲ್ ಕಾಲ್ನಡಿಗೆಯ ದೂರ. 1935ರಲ್ಲಿ ಕಟ್ಟಿದ, ಪುಟ್ಟಣ್ಣಚೆಟ್ಟರ ಹೆಸರಿನ ಆ ಪುರಭವನದ ಮುಂದೆ ದೊಡ್ಡ ಕಂಬಗಳು, ಅಗಲವಾದ ಮೆಟ್ಟಿಲುಗಳು. ಮೆಟ್ಟಿಲ ಮೇಲೆ ಸಾಲಾಗಿ ನಿಂತರೆ ಹಿಂದಿನ ಸಾಲಿನವರ ಮುಖವೂ ಫೋಟೋದಲ್ಲಿ ಬರುತ್ತದೆ. ಪ್ರತಿಭಟನೆಗೆಂದೇ ಯಾರೋ ಮೇಸ್ತ್ರಿ ಲೆಕ್ಕ ಹಾಕಿ ಕಟ್ಟಿದಂತಿದೆ. ದಶಕಗಟ್ಟಲೆ ಊರಿನ ಸಿಟ್ಟೆಲ್ಲ ನಿಂತದ್ದು ಅಲ್ಲೇ. 2020ರಲ್ಲಿ ಪಾಲಿಕೆಗೂ ಈ ಸಿಟ್ಟು ಸಾಕಾಗಿ, ಸಭಾಂಗಣ ಬಾಡಿಗೆಗೆ ಹೋಗುತ್ತಿಲ್ಲವೆಂಬ ಕಾರಣ ಹೇಳಿ, ಮುಂದೆ ಪ್ರತಿಭಟನೆ ಬೇಡವೆಂದು ನಿರ್ಣಯಿಸಿತು.

ಆಮೇಲೆ 2021ರ ಕೊನೆಯಲ್ಲಿ ಪೊಲೀಸ್ ಆಯುಕ್ತರ ಆದೇಶ ಬಂತು. ಧರಣಿ, ಮೆರವಣಿಗೆ, ಪ್ರತಿಭಟನೆ ಏನಿದ್ದರೂ ಮೊದಲೇ ಅರ್ಜಿ ಕೊಟ್ಟು ಅನುಮತಿ ಪಡೆದು, ಶೇಷಾದ್ರಿ ರಸ್ತೆಯ ಫ್ರೀಡಂ ಪಾರ್ಕಿನಲ್ಲಿ ಮಾತ್ರ. ಬೇರೆಡೆ ನಿಂತವರ ಮೇಲೆ ಕೇಸು. ಕಲಾಸಿಪಾಳ್ಯದ ಆಟೋದವರಿಗೆ ಇದು ಈಗ ಬಾಯಿಪಾಠ. ‘ಟೌನ್ ಹಾಲಾ? ಅಲ್ಲಿ ಬಿಡಲ್ಲ ಸಾರ್. ಸ್ಟ್ರೈಕಾದ್ರೆ ಫ್ರೀಡಂ ಪಾರ್ಕು. ಕೂತ್ಕೊಳಿ, ಮೀಟರ್ ಮೇಲೆ ಇಪ್ಪತ್ತು ಕೊಡಿ.’

ಟ್ರಾಫಿಕ್ಕು ನಿಲ್ಲುತ್ತದೆಂಬ ಸರ್ಕಾರದ ಮಾತನ್ನು ಪೂರಾ ತಳ್ಳಿಹಾಕಲಾರೆ. ವಿಕ್ಟೋರಿಯಾ, ವಾಣಿವಿಲಾಸ ಆಸ್ಪತ್ರೆಗಳು ಈ ಮಗ್ಗುಲಿಗೇ ಇವೆ. ಆಂಬುಲೆನ್ಸಿನೊಳಗೆ ಕೂತವಳಿಗೆ ನಿಮ್ಮ ಘೋಷಣೆ ಎಷ್ಟೇ ನ್ಯಾಯದ್ದಾದರೂ ಕೇಳಿಸುವುದಿಲ್ಲ. ಆಂಬುಲೆನ್ಸಿಗೆ ದಾರಿ ಬಿಡುವುದು ಈ ಸಾಧನದ ಮೊದಲ ನಿಯಮವಾಗಬೇಕು. ಆದರೆ ಚುನಾವಣೆಯ ರೋಡ್ ಶೋ ಬಂದ ದಿನ ಇದೇ ರಸ್ತೆ ಗಂಟೆಗಟ್ಟಲೆ ನಿಂತರೂ ಯಾವ ಇಂಜಿನೂ ಬಿಸಿಯಾಗುವುದಿಲ್ಲವಲ್ಲ, ಆ ತಂತ್ರಜ್ಞಾನ ಯಾವುದೆಂದು ಮಾತ್ರ ಗ್ರಾಹಕರಿಗೆ ಇದುವರೆಗೆ ತಿಳಿಸಿಲ್ಲ.

ಈಗ ಫ್ರೀಡಂ ಪಾರ್ಕಿನ ವಿಷಯ. ಅದು ಹಳೆಯ ಸೆಂಟ್ರಲ್ ಜೈಲು. ಕೈದಿಗಳನ್ನು ಪರಪ್ಪನ ಅಗ್ರಹಾರಕ್ಕೆ ಸಾಗಿಸಿದ ಮೇಲೆ ಖಾಲಿ ಉಳಿದ ಜಾಗವನ್ನು ಉದ್ಯಾನ ಮಾಡಿ 2008ರಲ್ಲಿ ತೆರೆದರು. ನಡುವಿನ ಕಾವಲು ಗೋಪುರ ಈಗಲೂ ನಿಂತಿದೆ. ಒಂದು ಕಾಲಕ್ಕೆ ಸರ್ಕಾರವನ್ನು ಬೈದವರನ್ನು ಪೊಲೀಸರು ವ್ಯಾನಿನಲ್ಲಿ ಹಾಕಿ ಇಲ್ಲಿಗೆ ತರುತ್ತಿದ್ದರು. ಈಗ ಸರ್ಕಾರವನ್ನು ಬೈಯಬೇಕೆನ್ನುವವರು ಅರ್ಜಿ ಹಾಕಿ, ಅನುಮತಿ ಪಡೆದು, ಸ್ವಂತ ಖರ್ಚಿನಲ್ಲಿ ಅದೇ ಗೋಡೆಯೊಳಗೆ ಬರಬೇಕು. ಆಡಳಿತ ಸುಧಾರಣೆ ಎಂದರೆ ಇದೇ ಇರಬೇಕು. ವ್ಯಾನಿನ ಡೀಸೆಲ್ ಉಳಿಯಿತು.

ಈ ಗೋಡೆಯೊಳಗೆ ಯಾರು ಯಾರಿದ್ದರು ಎಂಬುದನ್ನು ಕೂತು ಬೇಸರವಾದಾಗ ನೆನೆಯಬಹುದು. 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಸಂಸತ್ತಿನ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ, ಶ್ಯಾಮನಂದನ ಮಿಶ್ರ ಮರುದಿನ ಇಲ್ಲಿಗೆ ಬಂದರು. ದೇವೇಗೌಡರೂ ಇಲ್ಲಿದ್ದರು. ಒಂದೇ ಜೈಲಿನಿಂದ ಮುಂದೆ ಇಬ್ಬರು ಪ್ರಧಾನಿಗಳು ಹೊರಟರು ಎಂದರೆ ಯಾವ ಐಎಎಸ್ ಕೋಚಿಂಗ್ ಸೆಂಟರಿಗೂ ಆ ದಾಖಲೆಯಿಲ್ಲ. ಒಳಗಿದ್ದವರು ಹೊರಬಂದು ಅಧಿಕಾರ ಹಿಡಿದರು. ಬೀಗದ ಕೈ ಮಾತ್ರ ಯಾರೂ ಕೆರೆಗೆ ಎಸೆಯಲಿಲ್ಲ. ಪಕ್ಷದಿಂದ ಪಕ್ಷಕ್ಕೆ ಜೋಪಾನವಾಗಿ ಕೈ ಬದಲಾಯಿತು. 2021ರ ಆದೇಶ ಒಂದು ಪಕ್ಷದ ಸರ್ಕಾರದಲ್ಲಿ ಬಂತು, 2023ರಲ್ಲಿ ಸರ್ಕಾರ ಬದಲಾಯಿತು, ಆದೇಶ ಹಾಗೇ ಇದೆ.

ಮತ್ತೊಬ್ಬರಿದ್ದರು. ‘ಸಂಸ್ಕಾರ’ ಚಿತ್ರದ ಚಂದ್ರಿ, ಸ್ನೇಹಲತಾ ರೆಡ್ಡಿ. ಗಂಡ ಪಟ್ಟಾಭಿರಾಮ ರೆಡ್ಡಿಯವರು ನಿರ್ದೇಶಿಸಿದ ಆ ಚಿತ್ರವನ್ನೇ ಸೆನ್ಸಾರಿನವರು ಮೊದಲು ತಡೆದಿದ್ದರು. ಆಮೇಲೆ ಅದಕ್ಕೇ ರಾಷ್ಟ್ರಪತಿಗಳ ಸ್ವರ್ಣ ಕಮಲ ಬಂತು. ತುರ್ತು ಪರಿಸ್ಥಿತಿಯನ್ನು ವಿರೋಧಿಸಿ ಭೂಗತರಾಗಿದ್ದ ಸಮಾಜವಾದಿ ನಾಯಕ ಜಾರ್ಜ್ ಫರ್ನಾಂಡಿಸರ ಗೆಳೆತನ ಈ ಕುಟುಂಬಕ್ಕಿತ್ತು. 1976ರ ಮೇ 2ರಂದು ಆಕೆಯನ್ನು ಹಿಡಿದರು. ಆರೋಪ ರುಜುವಾತಾಗಲಿಲ್ಲ, ಬಿಡುಗಡೆಯೂ ಆಗಲಿಲ್ಲ. ವಿಚಾರಣೆಯಿಲ್ಲದೆ ಕೂಡಿಹಾಕಲು ಬಿಡುವ ‘ಮೀಸಾ’ ಕಾಯ್ದೆಗೆ ಇವೆರಡರ ಹಂಗೂ ಇರಲಿಲ್ಲ. ಆಕೆಗೆ ವಿಪರೀತ ಆಸ್ತಮಾ. ಒಂಟಿ ಕೋಣೆ. ರಾತ್ರಿಯ ಹೊತ್ತು ಆಕೆಯ ಕೂಗು ತಮ್ಮ ಬ್ಯಾರಕ್ಕಿನ ತನಕ ಕೇಳುತ್ತಿತ್ತೆಂದು ದಂಡವತೆ ಬರೆದಿದ್ದಾರೆ. ಆಕೆ ಒಳಗೆ ದಿನಚರಿ ಬರೆದರು. 1977ರ ಜನವರಿ 15ರಂದು ಪೆರೋಲ್ ಮೇಲೆ ಬಿಟ್ಟರು, 20ರಂದು ತೀರಿಕೊಂಡರು. ದಿನಚರಿ ಅದೇ ವರ್ಷ ಪುಸ್ತಕವಾಯಿತು. ಈ ಪರಿಚ್ಛೇದಕ್ಕೆ ಸೂಚನೆ ಏನೂ ಇಲ್ಲ.

ಹಳೆಯ ಬಳಕೆದಾರರೊಬ್ಬರ ಅನುಭವ

ಈ ಸಾಧನವನ್ನು ಇಷ್ಟು ವರ್ಷ, ಇಷ್ಟು ಬಗೆಯ ಸರ್ಕಾರಗಳ ಮೇಲೆ ಬಳಸಿ ನೋಡಿದವರು ಎಚ್.ಎಸ್. ದೊರೆಸ್ವಾಮಿಯವರಂತೆ ಇನ್ನೊಬ್ಬರು ಸಿಕ್ಕುವುದು ಕಷ್ಟ. ಹುಟ್ಟಿದ್ದು 1918ರಲ್ಲಿ ಹಾರೋಹಳ್ಳಿಯಲ್ಲಿ. 1942ರ ಚಳವಳಿಯಲ್ಲಿ ಬ್ರಿಟಿಷರ ಕಾಲದ ಕೈದಿಯಾಗಿ ಇದೇ ಸೆಂಟ್ರಲ್ ಜೈಲಿನಲ್ಲಿದ್ದರು. 1947ರಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬಂದರೂ ಮೈಸೂರಿಗೆ ಜವಾಬ್ದಾರಿ ಸರ್ಕಾರ ಬಂದಿರಲಿಲ್ಲ. ‘ಮೈಸೂರು ಚಲೋ’ ಶುರುವಾಯಿತು. ದೊರೆಸ್ವಾಮಿಯವರು ‘ಪೌರವಾಣಿ’ ಪತ್ರಿಕೆ ನಡೆಸುತ್ತಿದ್ದರು. ಅಚ್ಚು ಹಾಕುವ ಮೊದಲು ನಮಗೆ ತೋರಿಸಿ ಎಂದಿತು ಸಂಸ್ಥಾನದ ಸರ್ಕಾರ. ಇವರು ವಾದಕ್ಕೆ ನಿಲ್ಲಲಿಲ್ಲ. ಪತ್ರಿಕೆಯನ್ನು ಎತ್ತಿಕೊಂಡು ಹಿಂದೂಪುರಕ್ಕೆ ಹೋದರು. ಅದು ಆಗ ಮದ್ರಾಸ್ ಪ್ರಾಂತ್ಯ, ಮೈಸೂರಿನ ಪೊಲೀಸರಿಗೆ ಅಲ್ಲಿ ಅಧಿಕಾರವಿಲ್ಲ. ಅಲ್ಲಿ ಅಚ್ಚು, ಇಲ್ಲಿ ಓದು. ಅಕ್ಟೋಬರ್ 25ಕ್ಕೆ ಕೆ.ಸಿ. ರೆಡ್ಡಿ ಮುಖ್ಯಮಂತ್ರಿಯಾದರು. ಕಲಾಸಿಪಾಳ್ಯದ ಪಾರ್ಸೆಲ್ ಆಫೀಸಿನವರಿಗೆ ಇದರಲ್ಲಿ ಅಚ್ಚರಿಯೇನಿಲ್ಲ: ಈ ಚೆಕ್‌ಪೋಸ್ಟಿನಲ್ಲಿ ತಡೆದರೆ ಆ ದಾರಿಯಲ್ಲಿ ಹೋಗುತ್ತದೆ, ಸರಕು ತಲುಪುವುದೇ ಮುಖ್ಯ.

1975ರಲ್ಲಿ ಅವರ ವಿಧಾನ ಇನ್ನೂ ಸರಳ. ಇಂದಿರಾ ಗಾಂಧಿಯವರಿಗೊಂದು ಕಾಗದ ಬರೆದರು. ನೀವು ನಡೆಸುತ್ತಿರುವುದು ಸರ್ವಾಧಿಕಾರ, ಬಿಡದಿದ್ದರೆ ಊರೂರಿಗೆ ಹೋಗಿ ಜನಕ್ಕೆ ಹೇಳುತ್ತೇನೆ ಎಂಬುದು ಅದರ ತಾತ್ಪರ್ಯ. ಬಂಧಿಸಿದರು. ತಿಂಗಳುಗಟ್ಟಲೆ ಒಳಗಿದ್ದ ಮೇಲೆ, ಟೀಕಿಸುವುದು ಪ್ರಜೆಯ ಹಕ್ಕು ಎಂದು ಹೇಳಿ ಮ್ಯಾಜಿಸ್ಟ್ರೇಟರು ಬಿಡುಗಡೆ ಮಾಡಿದರು. ಊರಿನ ದೊಡ್ಡ ದೊಡ್ಡವರು ದನಿ ತಗ್ಗಿಸಿದ್ದ ಕಾಲದಲ್ಲಿ ಒಬ್ಬ ಮ್ಯಾಜಿಸ್ಟ್ರೇಟರು ಹಾಗೆ ಬರೆದರಲ್ಲ, ಅದಕ್ಕೆ ಯಾವ ಪ್ರಶಸ್ತಿಯೂ ಸಮವಲ್ಲ. (ಪ್ರಶಸ್ತಿಯ ಮಾತು ಬಂತು. ಶಿವರಾಮ ಕಾರಂತರು ಇದೇ ಕಾಲದಲ್ಲಿ ಪದ್ಮಭೂಷಣವನ್ನು ವಾಪಸು ಕಳಿಸಿದರು. ಮನೆಯಲ್ಲಿ ಪದ್ಮಪ್ರಶಸ್ತಿ ಇರುವ ಗ್ರಾಹಕರು ಈ ಸೌಲಭ್ಯವನ್ನೂ ಬಳಸಬಹುದು.) ಇಳಿವಯಸ್ಸಿನಲ್ಲಿ ಭೂಗಳ್ಳರ ವಿರುದ್ಧ ಟೌನ್ ಹಾಲ್ ಮುಂದೆ ದೊರೆಸ್ವಾಮಿ ಧರಣಿ ಕೂತರು. 2021ರ ಮೇ ತಿಂಗಳಲ್ಲಿ, 103ರ ವಯಸ್ಸಿನಲ್ಲಿ, ತೀರಿಕೊಂಡರು. ಫ್ರೀಡಂ ಪಾರ್ಕ್ ಮಾತ್ರ ಎಂಬ ಆದೇಶ ಬಂದದ್ದು ಅದೇ ವರ್ಷದ ಕೊನೆಗೆ. ಅವರ ಕಾಗದವೊಂದು ಆಯುಕ್ತರಿಗೆ ಹೋಗುವುದು ತಪ್ಪಿತು.

ಎಚ್ಚರಿಕೆ: ಸೆಕ್ಷನ್ 144

ಬಳಕೆದಾರರು ಅತಿ ಹೆಚ್ಚು ದೂರುವ ದೋಷ ಇದು. ಸಾಧನ ಚಾಲೂ ಮಾಡುವ ಹಿಂದಿನ ದಿನವೇ ಕರೆಂಟು ಹೋಗುತ್ತದೆ. 2019ರ ಡಿಸೆಂಬರ್ 19ಕ್ಕೆ ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧ ಪ್ರತಿಭಟನೆ ನಿಗದಿಯಾಗಿತ್ತು. ಹಿಂದಿನ ದಿನ ನಗರದಲ್ಲೆಲ್ಲ ನಿಷೇಧಾಜ್ಞೆ. ಆಗಲೇ ಕೊಟ್ಟಿದ್ದ ಅನುಮತಿಗಳೂ ರದ್ದು. ಮರುದಿನ ಟೌನ್ ಹಾಲ್ ಮುಂದೆ ಅಂಬೇಡ್ಕರ್ ಚಿತ್ರದ ಫಲಕ ಹಿಡಿದು ಟಿವಿಯವರೊಡನೆ ಮಾತಾಡುತ್ತಿದ್ದ ಇತಿಹಾಸಕಾರ ರಾಮಚಂದ್ರ ಗುಹಾ ಅವರನ್ನು ಪೊಲೀಸರು ರಟ್ಟೆ ಹಿಡಿದು ಎಳೆದೊಯ್ದರು. ಗಾಂಧಿಯ ಜೀವನಚರಿತ್ರೆ ಬರೆದವರಿಗೆ ಇದು ಒಂದು ರೀತಿಯಲ್ಲಿ ಪ್ರಾಯೋಗಿಕ ಪರೀಕ್ಷೆ.

ನಿಷೇಧಾಜ್ಞೆಯನ್ನು ಪ್ರಶ್ನಿಸಿ ಕೆಲವರು ಹೈಕೋರ್ಟಿಗೆ ಹೋದರು. 2020ರ ಫೆಬ್ರವರಿಯಲ್ಲಿ, ಆ ನಿಷೇಧಾಜ್ಞೆ ಕಾನೂನಿನ ಒರೆಗೆ ನಿಲ್ಲುವುದಿಲ್ಲ ಎಂದು ಹೈಕೋರ್ಟ್ ಹೇಳಿತು. ಆಜ್ಞೆಯ ಅವಧಿ ಮೂರು ದಿನ, ಅದು ತಪ್ಪೆಂದು ತಿಳಿಯುವುದಕ್ಕೆ ಸುಮಾರು ಎರಡು ತಿಂಗಳು. ಈ ಲೆಕ್ಕ ಆಳುವವರಿಗೆ ಚೆನ್ನಾಗಿ ಗೊತ್ತಿರುತ್ತದೆ, ಬಳಕೆದಾರರಿಗೂ ಗೊತ್ತಿರಲಿ. 2024ರ ಜುಲೈನಿಂದ ಹೊಸ ಸಂಹಿತೆಯಲ್ಲಿ ಈ ಸೆಕ್ಷನ್ 144 ಸೆಕ್ಷನ್ 163 ಆಗಿದೆ. ಜನರ ಬಾಯಲ್ಲಿ ಇನ್ನೂ ಒನ್ ಫಾರ್ಟಿಫೋರೇ.

ಹಿಡಿದುಕೊಂಡು ಹೋದರೆ

ಹೆಚ್ಚಿನ ಸಲ ಆಗುವುದಿಷ್ಟು. ಬಿಎಂಟಿಸಿ ಬಸ್ಸೊಂದು ಬಂದು ನಿಲ್ಲುತ್ತದೆ. ಬೆಂಗಳೂರಿನಲ್ಲಿ ನೀವು ಕಾಯದೆ ಬರುವ ಬಸ್ಸು ಇದೊಂದೇ.

‘ಹತ್ತಮ್ಮಾ, ಹತ್ತು. ಟೈಮಾಯ್ತು.’

‘ಅರೆಸ್ಟಾ ಸಾರ್?’

‘ಅರೆಸ್ಟಲ್ಲಮ್ಮಾ, ವಶಕ್ಕೆ ತಗೋತಾ ಇದೀವಿ ಅಷ್ಟೇ. ಸಾಯಂಕಾಲ ಬಿಡ್ತೀವಿ.’

ಯಾವುದಾದರೂ ಪೊಲೀಸ್ ಮೈದಾನಕ್ಕೆ ಒಯ್ಯುತ್ತಾರೆ, ಹೆಸರು ವಿಳಾಸ ಬರೆದುಕೊಳ್ಳುತ್ತಾರೆ, ಚಿತ್ರಾನ್ನವೋ ಉಪ್ಪಿಟ್ಟೋ ಕೊಡುತ್ತಾರೆ. ತಿನ್ನಿ. ಅದೂ ನಿಮ್ಮ ತೆರಿಗೆಯದೇ. ಲೇಡಿ ಕಾನ್‌ಸ್ಟೇಬಲ್‌ಗಳನ್ನು ಮಾತಾಡಿಸಿ. ಅವರಿಗೂ ಬೆಳಗಿನಿಂದ ಕೂರಲು ಬಿಟ್ಟಿರುವುದಿಲ್ಲ, ಅವರಿಗೆ ಸಂಘ ಕಟ್ಟಿಕೊಳ್ಳಲೂ ಬಿಡುವುದಿಲ್ಲ.

ನಿಜವಾದ ಅರೆಸ್ಟಾದರೆ ಬೇರೆ ಕ್ರಮ. ಪಶ್ಚಿಮ ಬಂಗಾಳದ ಡಿ.ಕೆ. ಬಸು ಎಂಬವರು 1986ರಲ್ಲಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗೆ ಲಾಕಪ್ ಸಾವುಗಳ ಬಗ್ಗೆ ಕಾಗದ ಬರೆದರು. ಆ ಕಾಗದವೇ ಅರ್ಜಿಯಾಗಿ, 1996ರ ಡಿಸೆಂಬರಿನಲ್ಲಿ ತೀರ್ಪಾಯಿತು. ಅದರ ಪ್ರಕಾರ ಹಿಡಿಯಲು ಬಂದವರ ಎದೆಯ ಮೇಲೆ ಹೆಸರು ಓದುವಂತಿರಬೇಕು. ಬಂಧನದ ಮೆಮೋ ಅಲ್ಲೇ ಬರೆದು, ತಾರೀಖು ವೇಳೆ ಹಾಕಿ, ಮನೆಯವರೋ ಊರಿನವರೋ ಒಬ್ಬರಿಂದ ಸಾಕ್ಷಿ ಸಹಿ ಹಾಕಿಸಬೇಕು. ನೀವು ಎಲ್ಲಿದ್ದೀರೆಂದು ನಿಮ್ಮವರಿಗೆ ತಿಳಿಸಬೇಕು. ಸ್ಟೇಷನ್ನಿನಲ್ಲಿ ಪ್ರತಿ 48 ಗಂಟೆಗೊಮ್ಮೆ ವೈದ್ಯರು ನೋಡಬೇಕು. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆಂಬುದು ಸಂವಿಧಾನದ 22ನೇ ವಿಧಿಯಲ್ಲೇ ಇದೆ. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಹೆಂಗಸರನ್ನು ಬಂಧಿಸುವಂತಿಲ್ಲ. ತೀರಾ ಅನಿವಾರ್ಯವೆಂದರೆ ಮಹಿಳಾ ಅಧಿಕಾರಿಯೇ ಬರಬೇಕು, ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ಪೆಟ್ಟು ಬಿದ್ದಿದ್ದರೆ ನೋವು ಮಾತ್ರೆ ನುಂಗಿ ಮನೆಗೆ ಹೋಗಬೇಡಿ. ವಿಕ್ಟೋರಿಯಾಕ್ಕೆ ಹೋಗಿ, ಎಂಎಲ್‌ಸಿ (ಮೆಡಿಕೋ ಲೀಗಲ್ ಕೇಸು) ಮಾಡಿಸಿ, ವೂಂಡ್ ಸರ್ಟಿಫಿಕೇಟಿಗೆ ಹೇಳಿಡಿ. ‘ಬಿದ್ದು ಪೆಟ್ಟಾಯ್ತಾ?’ ಎಂದು ಯಾರಾದರೂ ಉತ್ತರವನ್ನೇ ಪ್ರಶ್ನೆ ಮಾಡಿ ಕೇಳಿದರೆ, ನಡೆದದ್ದನ್ನು ನಡೆದ ಹಾಗೆ ಬರೆಸಿ.

ಇಷ್ಟೆಲ್ಲ ಕಾಗದ ಯಾಕೆ ಎನ್ನುವವರು ಜಾರ್ಜ್ ಅವರ ತಮ್ಮ ಲಾರೆನ್ಸ್ ಫರ್ನಾಂಡಿಸರನ್ನು ನೆನೆಯಬೇಕು. 1976ರ ಮೇ 1ರಂದು ಬೆಂಗಳೂರಿನ ಮನೆಯಿಂದ ಕರೆದೊಯ್ದರು. ಅಣ್ಣನೆಲ್ಲಿ ಹೇಳು ಎಂದು ಹೊಡೆದರು. ಎಷ್ಟೋ ದಿನ ಅವರು ಕಸ್ಟಡಿಯಲ್ಲಿದ್ದಾರೆಂಬುದೇ ಯಾವ ಕಾಗದದಲ್ಲೂ ಇರಲಿಲ್ಲ. ಮಗನೆಲ್ಲಿ ಎಂದು ತಾಯಿ ರಾಷ್ಟ್ರಪತಿಗೆ ಬರೆದರು. ಮೆಮೋದಲ್ಲಿ ಬರೆದ ವೇಳೆಯಿಂದ ಗಡಿಯಾರ ಓಡಲು ಶುರುವಾಗುತ್ತದೆ. ಮೆಮೋನೇ ಇಲ್ಲದಿದ್ದರೆ ಮನುಷ್ಯನೇ ಇಲ್ಲ.

ಕೈಪಿಡಿ ಓದದೆ ಬಳಸಿದ ಪ್ರಕರಣ

2016ರ ಏಪ್ರಿಲ್ 18ರಂದು ಹೊಸೂರು ರಸ್ತೆಯಲ್ಲಿ ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಮಿಷನ್ ನಿಲ್ಲಿಸಿ ಬೀದಿಗಿಳಿದರು. ಭವಿಷ್ಯನಿಧಿಯಲ್ಲಿ ಮಾಲೀಕರ ಪಾಲನ್ನು 58 ವರ್ಷವಾಗುವ ತನಕ ತೆಗೆಯುವಂತಿಲ್ಲ ಎಂಬ ಕೇಂದ್ರದ ಹೊಸ ನಿಯಮ ಕಾರಣ. ಅನುಮತಿಯಿಲ್ಲ, ಮನವಿಪತ್ರವಿಲ್ಲ, ವೇದಿಕೆಯಿಲ್ಲ, ಕೊನೆಗೆ ಮಾತುಕತೆಗೆ ಕರೆಯೋಣವೆಂದರೆ ಮುಖಂಡರೂ ಇಲ್ಲ. ಮಗಳ ಮದುವೆಗೋ ಸಾಲಕ್ಕೋ ಆಗುವ ದುಡ್ಡು ಯಾವುದೋ ಆಫೀಸಿನಲ್ಲಿ ಕೊಳೆಯುವುದೆಂದರೆ ಅರ್ಜಿ ನಮೂನೆ ಹುಡುಕುವ ತಾಳ್ಮೆ ಎಲ್ಲಿಂದ ಬರಬೇಕು? ಲಾಠಿ ಬೀಸಿದರು, ಮರುದಿನ ಕಲ್ಲು ಬಿತ್ತು, ಬೆಂಕಿ ಬಿತ್ತು. ಅದನ್ನು ಈ ಕೈಪಿಡಿ ಒಪ್ಪುವುದಿಲ್ಲ. ಏಪ್ರಿಲ್ 19ರ ಸಂಜೆಯೊಳಗೆ ನಿಯಮ ವಾಪಸಾಯಿತು. ದೊಡ್ಡ ಸಂಘಟನೆಗಳು ಮನವಿ ಕೊಟ್ಟು ಸೀಲು ಹಾಕಿಸಿಕೊಳ್ಳುವಷ್ಟರಲ್ಲಿ ಇವರು ಕೆಲಸ ಮುಗಿಸಿ ಮಿಷನ್ ಮುಂದೆ ಕೂತಿದ್ದರು. ಕೈಪಿಡಿ ಬರೆಯುವವರಿಗೆ ಇಂಥ ಗ್ರಾಹಕರಿಂದ ತುಸು ಮುಜುಗರ.

ಸರ್ವಿಸ್ ಸೆಂಟರ್

ಸಾಧನ ಪೂರ್ತಿ ಕೆಟ್ಟರೆ ಹೈಕೋರ್ಟಿಗೆ ತರಬೇಕು. 1975ರಲ್ಲಿ ಅಡ್ವಾಣಿ, ವಾಜಪೇಯಿ ಮೊದಲಾದವರ ಹೇಬಿಯಸ್ ಕಾರ್ಪಸ್ ಅರ್ಜಿ ಬಂದಾಗ, ಇದನ್ನು ಕೇಳುವ ಅಧಿಕಾರವೇ ನಿಮಗಿಲ್ಲ ಎಂದಿತು ಸರ್ಕಾರ. ಇದೆ ಎಂದಿತು ಕರ್ನಾಟಕ ಹೈಕೋರ್ಟ್. ಹಾಗೆಂದ ಬೇರೆ ಹೈಕೋರ್ಟುಗಳೂ ಇದ್ದವು. ಅರ್ಜಿದಾರರ ಪರ ವಾದಿಸಿದ ವಕೀಲ ರಾಮಾ ಜೋಯಿಸರು ಕಕ್ಷಿದಾರರಿದ್ದ ಜೈಲಿಗೇ ಹೋದರು. ನ್ಯಾಯಮೂರ್ತಿ ಡಿ.ಎಂ. ಚಂದ್ರಶೇಖರ್ ಅವರನ್ನು ಅಲಹಾಬಾದಿಗೆ, ಎಂ. ಸದಾನಂದಸ್ವಾಮಿ ಅವರನ್ನು ಗುವಾಹಟಿಗೆ ವರ್ಗ ಮಾಡಿದರು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. 1976ರ ಏಪ್ರಿಲ್ 28ರಂದು ಅದನ್ನು ಕೇಳಿದ ಐವರು ನ್ಯಾಯಮೂರ್ತಿಗಳಲ್ಲಿ ನಾಲ್ವರು, ತುರ್ತು ಪರಿಸ್ಥಿತಿಯಲ್ಲಿ ಪ್ರಾಣದ ಹಕ್ಕಿಗೂ ಕೋರ್ಟಿನ ಬಾಗಿಲಿಲ್ಲ ಎಂದು ಬರೆದರು. ಒಪ್ಪದೆ ಬರೆದವರು ಎಚ್.ಆರ್. ಖನ್ನಾ ಒಬ್ಬರೇ. ಮುಖ್ಯ ನ್ಯಾಯಮೂರ್ತಿ ಸ್ಥಾನ ಅವರಿಗೆ ತಪ್ಪಿತು.

ರಿಪೇರಿ ಆಗದೆ ಇರಲಿಲ್ಲ. 1978ರ ತಿದ್ದುಪಡಿ, ಇನ್ನು ಮುಂದೆ ತುರ್ತು ಪರಿಸ್ಥಿತಿಯಲ್ಲೂ ಪ್ರಾಣದ ಹಕ್ಕನ್ನು ಅಮಾನತಿನಲ್ಲಿಡುವಂತಿಲ್ಲ ಎಂದಿತು. ಆದರೆ ಆ ತೀರ್ಪೇ ತಪ್ಪು ಎಂದು ಸುಪ್ರೀಂ ಕೋರ್ಟ್ ಬಾಯಿಬಿಟ್ಟು ಹೇಳಿದ್ದು 2017ರ ಆಗಸ್ಟ್ 24ರಂದು, ಖಾಸಗಿತನದ ತೀರ್ಪಿನಲ್ಲಿ. 41 ವರ್ಷ. ಅದನ್ನು ಹೇಳಿಸಿದ ಅರ್ಜಿದಾರರು ಬೆಂಗಳೂರಿನವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ 86. 1976ರ ನಾಲ್ವರಲ್ಲಿ ಒಬ್ಬರಾದ ವೈ.ವಿ. ಚಂದ್ರಚೂಡರ ಮಾತನ್ನು ತಪ್ಪೆಂದು ಬರೆದವರು ಅವರ ಮಗ ಡಿ.ವೈ. ಚಂದ್ರಚೂಡರು. ಬಿಡಿಭಾಗ ಸಿಗುವ ತನಕ ಆರೋಗ್ಯ ಕಾಪಾಡಿಕೊಳ್ಳಿ.

ಅಷ್ಟು ಕಾಯಲಾರದವರಿಗೆ ಚನ್ನರಾಯಪಟ್ಟಣ ಹೋಬಳಿಯ ಮಾದರಿ ಇದೆ. ದೇವನಹಳ್ಳಿ ತಾಲ್ಲೂಕಿನ 13 ಹಳ್ಳಿಗಳ 1,777 ಎಕರೆಯನ್ನು ಕೈಗಾರಿಕೆಗೆ ಕೊಡುವುದಿಲ್ಲವೆಂದು ರೈತರು 2022ರಿಂದ ಮೂರು ವರ್ಷಕ್ಕೂ ಮಿಕ್ಕಿ ಧರಣಿ ಕೂತರು. 2025ರ ಜೂನ್ 25ರಂದು, ಅಂದರೆ ತುರ್ತು ಪರಿಸ್ಥಿತಿಗೆ 50 ವರ್ಷ ತುಂಬಿದ ದಿನವೇ, ‘ದೇವನಹಳ್ಳಿ ಚಲೋ’ಗೆ ಸೇರಿದವರನ್ನು ಪೊಲೀಸರು ಎತ್ತಿ ಬಸ್ಸಿಗೆ ಹಾಕಿದರು. ಎತ್ತಿ ಹಾಕಲು ಹೇಳಿದವರಿಗೆ ಕ್ಯಾಲೆಂಡರ್ ನೋಡುವ ಅಭ್ಯಾಸವಿರಲಿಲ್ಲವೋ ಏನೋ. ಧರಣಿ ಫ್ರೀಡಂ ಪಾರ್ಕಿಗೆ ಬಂತು. ಹಳೆ ಜೈಲಿನಲ್ಲಿ ಹಳ್ಳಿಯ ಹೆಂಗಸರು, ಸಾಹಿತಿಗಳು, ಸಿನಿಮಾದವರು ಒಟ್ಟಿಗೆ ಕೂತರು. ಜುಲೈ 4ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಹತ್ತು ದಿನ ಕಾಲ ಕೇಳಿದರು, 15ರಂದು ಭೂಸ್ವಾಧೀನ ಕೈಬಿಟ್ಟಿದ್ದೇವೆ ಎಂದರು. ಜೊತೆಗೊಂದು ಬಾಲಂಗೋಚಿಯೂ ಇತ್ತು: ತಾವಾಗಿ ಕೊಡಲು ಮುಂದೆ ಬರುವವರ ಜಮೀನನ್ನು ಹೆಚ್ಚಿನ ದರ ಕೊಟ್ಟು ಪಡೆಯುತ್ತೇವೆ.

ಇಂಥ ಘೋಷಣೆ ಕೇಳಿದ ಕೂಡಲೇ ಸಿಹಿ ಹಂಚುವುದಕ್ಕೆ ಅಡ್ಡಿಯಿಲ್ಲ. ಶಾಮಿಯಾನದವನಿಗೆ ಮಾತ್ರ ಇನ್ನೆರಡು ದಿನದ ಬಾಡಿಗೆ ಮುಂಗಡ ಕೊಟ್ಟು, ಅಧಿಸೂಚನೆ ರದ್ದಾದ ಆದೇಶದ ದೃಢೀಕೃತ ಪ್ರತಿ ಎಲ್ಲಿ ಸಿಗುತ್ತದೆ, ಯಾವ ಕೌಂಟರು, ಎಷ್ಟು ಗಂಟೆಗೆ ತೆಗೆಯುತ್ತಾರೆ ಎಂದು ವಿಚಾರಿಸಿಕೊಂಡು ಬರಲು ಯಾರನ್ನಾದರೂ ಕಳಿಸಿ.